ಬಾಜೂ ಮನಿ ರೇಡಿಯೋ

೧೯೯೯ರ ಜೂನ್‌ನಲ್ಲಿ ನಾನು ಧಾರವಾಡದ ಒಂದು ರೇಡಿಯೋ ಕೇಂದ್ರದಲ್ಲಿ ಸಂಗೀತ ಕಾರ್ಯಕ್ರಮದ ಹಂಗಾಮಿ ನಿರೂಪಕಿಯಾಗಿ ಸೇರಿದೆ. ಓದಿದ್ದು ರಸಾಯನಶಾಸ್ತ್ರ. ಪ್ರಯೋಗಶಾಲೆಯಲ್ಲಿ ತಪ್ಪಾದರೆ ನಾಲ್ಕು ಜನ ನೋಡುತ್ತಾರೆ. ಮೈಕಿನ ಮುಂದೆ ತಪ್ಪಾದರೆ ಹುಬ್ಬಳ್ಳಿ-ಧಾರವಾಡ ಎರಡೂ ಕೇಳುತ್ತವೆ. ಈ ಕೆಲಸದಲ್ಲಿ ಇಂಥ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ.

ಯಾರಾದರೂ ಕೇಳುತ್ತಾರೆಯೇ ಎಂಬುದೇ ಕೇಂದ್ರದ ಮುಖ್ಯಸ್ಥರಾದ ನಮ್ಮ ಸಾಹೇಬರ ಅನುಮಾನ. ಮೊದಲ ದಿನವೇ ಹೇಳಿದರು: “ದೀಪಾವಳಿತನಕ ನೋಡೂಣು. ಮಂದಿ ಕೇಳತಾರಂತ ಖಾತ್ರಿ ಆದ್ರ ಕಾರ್ಯಕ್ರಮ ಇರತದ. ಇಲ್ಲಂದ್ರ ಬಂದ್.”

ಕಾರ್ಯಕ್ರಮ ಬಂದಾದರೆ ನಾನೂ ಮನೆಗೆ.

೧. ಸಂಜೆಯ ರಾಗ

ಒಂದು ಮುಂಜಾನೆ ಭೈರವ ರಾಗದ ಬದಲು ಯಮನ್ ಹಾಕಿಬಿಟ್ಟೆ. ಯಮನ್ ಸಂಜೆಯ ರಾಗ. ಬೇರೆ ಊರಾಗಿದ್ದರೆ ನಡೆದುಹೋಗುತ್ತಿತ್ತು. ಧಾರವಾಡದಲ್ಲಿ ರಾಗವೆಂದರೆ ಗಡಿಯಾರ. ಒಬ್ಬ ಕಾಕಾನ ಫೋನ್ ಬಂತು.

“ತಂಗೀ, ನಮ್ಮವ್ವಗ ಕಣ್ಣು ಮಂದ. ರೇಡಿಯೋ ಕೇಳೇ ಹೊತ್ತು ತಿಳೀತಾಳ. ಈಗ ದೇವರ ಮುಂದ ದೀಪ ಹಚ್ಚಿ, ‘ಲಗೂ ಊಟಕ್ಕ ಹಾಕ್ರಿ, ಮಲಗತೇನಿ’ ಅನ್ನಾಕತ್ತಾಳ. ನಾ ಹೇಳಿದ್ರ ನಂಬವಲ್ಲಳು. ನೀವ ಹೇಳ್ರಿ.”

ರಾಗ ಮುಗಿದ ಮೇಲೆ ಮೈಕಿನಲ್ಲಿ ಹೇಳಿದೆ: “ಕೇಳುಗರೇ, ಈಗ ಮುಂಜಾನೆ.”

ಸಾಹೇಬರು ಕರೆಸಿದರು. “ಖರೇ ಕೇಳೋವ್ರು ಒಬ್ಬರು ಸಿಕ್ಕಿದ್ರು. ಅವರನ್ನೂ ದಾರಿ ತಪ್ಪಿಸಿದ್ರಿ.”

೨. ಎತ್ತರ

ದೀಪಾವಳಿ ಹತ್ತಿರವಾಯಿತು. ಇನ್ನೊಂದು ದಾರಿ ಇರಲಿ ಎಂದು ಬೈರಿದೇವರಕೊಪ್ಪದ ಒಂದು ಕೇಬಲ್ ಟಿ.ವಿ. ಚಾನೆಲ್‌ಗೆ ಹಾಡಿನ ಕಾರ್ಯಕ್ರಮ ನಡೆಸಿಕೊಡಲು ಹೋದೆ. ಸ್ಟುಡಿಯೋ ಎಂದರೆ ಮಾಲೀಕರ ಮನೆಯ ಪಡಸಾಲೆ. ನಾನು ಗಿಡ್ಡ; ಕುರ್ಚಿಯ ಮೇಲೆ ಎರಡು ತಲೆದಿಂಬು ಹಾಕಿ ನನ್ನನ್ನು ಕೂಡಿಸಿದರು. ಮೊದಲ ಫೋನ್ ಅಮರಗೋಳದ ಒಬ್ಬ ವ್ಯಾಪಾರಿಯದು.

“ರೇಡಿಯೋದಾಗ ಮಾತಾಡೋ ಅಕ್ಕಾರು ನೀವ ಏನ್ರಿ?”

“ಹೌದ್ರಿ.”

“ಅಲ್ಲ ಬಿಡ್ರಿ. ಅವರು ಭಾಳ ಎತ್ತರ ಅದಾರ.”

ಕಾರ್ಯಕ್ರಮ ಮುಗಿದ ಮೇಲೆ ಮಾಲೀಕರು ತಲೆದಿಂಬು ತೆಗೆದುಕೊಳ್ಳುತ್ತ ಹೇಳಿದರು: “ಅಕ್ಕಾರ, ನೀವು ರೇಡಿಯೋದಾಗನ ಇರ್ರಿ. ಅಲ್ಲಿ ಎತ್ತರ ಅದೀರಿ.”

೩. ಸಣ್ಣ ಮಾಡ್ರಿ, ದೊಡ್ಡ ಮಾಡ್ರಿ

ದೀಪಾವಳಿಗೆ ಮುಂಚಿನ ವಾರ. ಕೇಳುಗರು ಫೋನ್ ಮಾಡಿ ತಮಗೆ ಬೇಕಾದ ಹಾಡು ಹೇಳುವ ನೇರ ಪ್ರಸಾರ. ಗಾಜಿನಾಚೆ ಸಾಹೇಬರು ಕೈಕಟ್ಟಿ ನಿಂತಿದ್ದರು. ಸುಳ್ಳ ಎಂಬ ಹಳ್ಳಿಯಿಂದ ಒಬ್ಬ ಹೆಣ್ಣುಮಗಳ ಫೋನ್ ಬಂತು. ಅವಳ ಹಿಂದೆ ರೇಡಿಯೋ ಎಷ್ಟು ಜೋರಾಗಿತ್ತೆಂದರೆ ನನ್ನ ಮಾತೇ ನನಗೆ ತಿರುಗಿ ಕೇಳಿಸುತ್ತಿತ್ತು.

“ನಿಮ್ಮ ರೇಡಿಯೋ ಸ್ವಲ್ಪ ಸಣ್ಣ ಮಾಡ್ರಿ.”

“ನಮ್ದಲ್ರಿ ಅಕ್ಕಾರ, ಬಾಜೂ ಮನೀದು.”

“ಹಂಗಾರ ಅವರಿಗೆ ಹೇಳ್ರಿ.”

“ಅವರ ಜೋಡಿ ಮಾತು ಬಿಟ್ಟೇವ್ರಿ. ನೀವ ಹೇಳ್ರಿ.”

ಹೇಳಿದೆ: “ಸುಳ್ಳದ ಬಾಜೂ ಮನಿಯವರ, ರೇಡಿಯೋ ಸಣ್ಣ ಮಾಡ್ರಿ.” ಕೂಡಲೇ ಸದ್ದು ಇಳಿಯಿತು. ಅವಳು ಒಂದು ಜಾನಪದ ಹಾಡು ಬೇಕೆಂದಳು. ಹಾಕತೇನಿ, ಕೇಳ್ರಿ ಎಂದೆ.

“ಹೆಂಗ ಕೇಳೂದ್ರಿ? ನಮ್ಮನ್ಯಾಗ ರೇಡಿಯೋ ಇಲ್ಲ. ಮತ್ತ ದೊಡ್ಡ ಮಾಡಂತ ಹೇಳ್ರಿ.”

ಅದನ್ನೂ ಹೇಳಿದೆ. ಹಾಡು ಮುಗಿಯಿತು. ಮತ್ತೆ ಫೋನ್, ಬೇರೆ ದನಿ.

“ನಾ ಆ ರೇಡಿಯೋದಾಕೀರಿ. ಸಣ್ಣ ಅಂದ್ರಿ, ಮಾಡಿದೆ. ದೊಡ್ಡ ಅಂದ್ರಿ, ಮಾಡಿದೆ. ನನಗೂ ಒಂದು ಹಾಡು ಹಚ್ಚ್ರಿ.”

“ಎಲ್ಲಿಂದ ಮಾತಾಡಾಕತ್ತೀರಿ?”

“ಇವರ ಮನೀಂದನ ರೀ. ನಮ್ಮನ್ಯಾಗ ಫೋನ್ ಇಲ್ಲ.”

“ಅಂದ್ರ ಮಾತು ಶುರು ಆತೇನ್ರಿ?”

“ಇಲ್ರಿ. ಫೋನ್ ಅಷ್ಟ ಕೊಟ್ಟಾಳ.”

ಹಾಡು ಹಾಕಿ ತಿರುಗಿದರೆ ಸಾಹೇಬರು ಒಳಗೇ ಬಂದಿದ್ದರು. ಮಂದಿ ಕೇಳುತ್ತಾರೋ ಇಲ್ಲವೋ ಎಂಬ ಪ್ರಯೋಗ ಅವರ ಕಣ್ಣೆದುರೇ ಮುಗಿದಿತ್ತು.

“ಸಣ್ಣ ಅಂದ್ರ ಸಣ್ಣ, ದೊಡ್ಡ ಅಂದ್ರ ದೊಡ್ಡ,” ಎಂದರು. “ನಮ್ಮ ಮನ್ಯಾಗ ನನ್ನ ಮಾತು ಇಷ್ಟು ಯಾರೂ ಕೇಳೂದಿಲ್ಲ. ನಡಸ್ರಿ.”

ಕಾರ್ಯಕ್ರಮ ಒಂಬತ್ತು ವರ್ಷ ನಡೆಯಿತು.