ಬೆನ್ನು ಕಾಯುವವನು

ಹುಡುಗಿಯ ಅಣ್ಣ ಗಜ್ವಾನನಿಗೆ ಬಸ್ರಾದ ಬಂದರಿನಲ್ಲಿ ಕೆಲಸ. ಗಂಡು ನೋಡಲು ಬಾಗ್ದಾದಿಗೆ ಬರೋಣವೆಂದರೆ ರಜೆ ಸಿಗಲಿಲ್ಲ. ಅಷ್ಟೇ ಆಗಿದ್ದರೆ ರಾಫಿದನಿಗೆ ಯಾವ ಕಷ್ಟವೂ ಇರಲಿಲ್ಲ. ಒಂದು ಫೋನು, ನಾಲ್ಕು ಕುಶಲದ ಮಾತು, ಮುಗಿಯಿತು. ಆದರೆ ಗಜ್ವಾನನ ತಲೆಯೊಳಗೆ ಒಂದು ಹೊಸ ವಿಚಾರ ಹೊಕ್ಕು ಕೂತಿತ್ತು. ಫೋನಿನಲ್ಲಿ ಎಲ್ಲರೂ ಸಭ್ಯರೇ, ಚಹಾ ಕುಡಿಯುವಾಗ ಎಲ್ಲರೂ ಸಂತರೇ; ಗುಂಡು ಹಾರುವಾಗ ಪಕ್ಕದಲ್ಲಿ ನಿಲ್ಲುತ್ತಾನೋ, ಓಡಿಹೋಗುತ್ತಾನೋ, ಅದನ್ನು ನೋಡಬೇಕು. ಗುಂಡು ಎಂದರೆ ಮೊಬೈಲಿನ ಗುಂಡು. ನಾಲ್ಕು ಜನರ ತಂಡ ವಿಮಾನದಿಂದ ಒಂದು ದ್ವೀಪಕ್ಕೆ ಧುಮುಕಿ, ಸಿಕ್ಕವರನ್ನೆಲ್ಲ ಹೊಡೆದು, ಕೊನೆಯವರೆಗೆ ಉಳಿಯಬೇಕಾದ ಆಟ. ಶುಕ್ರವಾರ ಮಧ್ಯಾಹ್ನ ತನ್ನ ತಂಡದಲ್ಲಿ ಆಡಲು ಹೇಳಿ ಎಂದು ಬಸ್ರಾದಿಂದ ಅಪ್ಪಣೆಯಾಯಿತು.

ರಾಫಿದ್ ಕನ್ನಡಕದ ಅಂಗಡಿಯವನು. ಮೂವತ್ತು ದಾಟಿದ್ದ. ಹುಟ್ಟಿದಾಗಿನಿಂದ ಅವನು ಆಡಿದ ಒಂದೇ ಆಟವೆಂದರೆ ಕಾಫಿಖಾನೆಯ ಡಾಮಿನೋ. ಅಲ್ಲಿ ಎಲ್ಲರೂ ಮೇಜು ನಡುಗುವಂತೆ ಬಿಲ್ಲೆ ಕುಟ್ಟಿದರೆ, ಇವನು ಮಲಗಿದ ಮಗುವಿನ ಪಕ್ಕದಲ್ಲಿ ಇಟ್ಟಂತೆ ಮೆಲ್ಲಗೆ ಇಡುತ್ತಿದ್ದ. ಅಂಥವನು ಈಗ ಬಂದೂಕು ಹಿಡಿಯಬೇಕಾಗಿ ಬಂದದ್ದು ಶಹ್ಲಾಳಿಗಾಗಿ. ಅವಳು ಕನ್ನಡಕ ಬದಲಿಸಲು ಅಂಗಡಿಗೆ ಬಂದಿದ್ದಳು. ಅಕ್ಷರದ ಹಲಗೆಯ ಕೊನೆಯ ಸಾಲು ಕಾಣಿಸದೆ, ತಾನೇ ಒಂದು ಸಾಲು ಕಟ್ಟಿ ಓದಿ ನಕ್ಕುಬಿಟ್ಟಳು. ಅಲ್ಲಿಗೆ ರಾಫಿದನ ಕಥೆ ಮುಗಿಯಿತು. ಕನ್ನಡಕದ ಡಬ್ಬಿಯಿಂದಲೇ ಗಾಳಿ ಬೀಸಿಕೊಳ್ಳುತ್ತ ಅವಳು ಹೊರಡುವಾಗ ಹೇಳಿದ ಮಾತು ಅವನಿಗೆ ಬಾಯಿಪಾಠವಾಗಿತ್ತು.

"ನಮ್ಮಮ್ಮ ಗಂಡು ಹುಡುಕ್ತಾ ಇದಾರೆ. ಈ ಬೇಸಿಗೇಲಿ ನನಗೆ ಬೇಕಾಗಿರೋದು ಗಂಡ ಅಲ್ಲ, ಕರೆಂಟು."

ಎಂಥ ತಮಾಷೆಯ ಹುಡುಗಿ ಎಂದು ರಾಫಿದ್ ಆ ದಿನವೆಲ್ಲ ಒಬ್ಬನೇ ನಗುತ್ತಿದ್ದ. ಅವನ ತಾಯಿ ಹೋಗಿ ಕೇಳಿದ್ದಕ್ಕೆ, ಅಣ್ಣ ಹೂಂ ಅಂದರೆ ತಮ್ಮದೇನೂ ಅಡ್ಡಿಯಿಲ್ಲ ಎಂಬ ಉತ್ತರ ಬಂತು. ಇನ್ನು ಉಳಿದದ್ದು ಅಣ್ಣನೊಬ್ಬನೇ.

ಶುಕ್ರವಾರದ ನಮಾಜು, ಊಟ ಎರಡೂ ಮುಗಿದವು. ಕೂಲರ್ ಭರ್ರೆನ್ನುತ್ತಿತ್ತು, ಇಂಟರ್ನೆಟ್ ಡಬ್ಬಿಯ ಹಸಿರು ದೀಪ ಮಿನುಗುತ್ತಿತ್ತು. ರಾಫಿದ್ ಕೂರಲಾರದೆ ನಿಲ್ಲಲಾರದೆ ಕೋಣೆಯ ಉದ್ದಗಲ ಅಳೆಯುತ್ತಿದ್ದ. ಈರುಳ್ಳಿ ಕೇಳಲು ಬಂದ ಪಕ್ಕದ ಮನೆಯ ಉಮ್ ಸಬಾಹ್ ವಿಷಯ ತಿಳಿದದ್ದೇ ಈರುಳ್ಳಿ ಮರೆತು ಅವನ ತಾಯಿಯ ಪಕ್ಕದಲ್ಲಿ ಕಾಲು ಮಡಚಿ ಕೂತಳು. ಆಟದಲ್ಲಿ ಇಟ್ಟುಕೊಳ್ಳಲು ಒಂದು ಹೆಸರು ಬೇಕಿತ್ತು. ಸಿಂಹ ಎಂದಿಡು ಎಂದಳು ಉಮ್ ಸಬಾಹ್. ರಾಫಿದನಿಗೆ ನಾಚಿಕೆಯಾಗಿ ತನ್ನ ಅಂಗಡಿಯ ಹೆಸರನ್ನೇ ಇಟ್ಟ: ಸ್ಪಷ್ಟದೃಷ್ಟಿ.

ತಂಡದಲ್ಲಿ ಗಜ್ವಾನ್, ಅವನ ದೊಡ್ಡಪ್ಪನ ಮಗ, ರಾಫಿದ್. ನಾಲ್ಕನೆಯವನನ್ನು ಆಟವೇ ಬಾಗ್ದಾದಿನಿಂದ ಹುಡುಕಿ ಕೊಟ್ಟಿತು. ಕಪ್ಪು ಗಿಡುಗ ಎಂಬ ಹೆಸರಿನ ಅವನು ನೆಲಕ್ಕಿಳಿಯುವ ಮೊದಲೇ ಇಬ್ಬರನ್ನು ಉರುಳಿಸಿದ. ಗಜ್ವಾನ್ ಸಂತೋಷದಿಂದ, ಸಂಜೆಯವರೆಗೂ ನಮ್ಮ ಜೊತೆಗೇ ಇರು ಎಂದು ಅವನನ್ನು ಹಿಡಿದಿಟ್ಟುಕೊಂಡ.

ಶುರುವಿನಲ್ಲಿ ಗಜ್ವಾನ್ ರಾಫಿದನನ್ನು "ತಾವು" ಎಂದೇ ಕರೆದ. ಮೊದಲ ಬಾಗಿಲು ಬಂದಾಗ "ನೀವು" ಆಯಿತು. ಏಕೆಂದರೆ ರಾಫಿದ್ ಒಳಗೆ ಹೊಕ್ಕವನೇ ಅಭ್ಯಾಸಬಲದಿಂದ ಬಾಗಿಲು ಹಾಕಿಕೊಂಡಿದ್ದ. ಬಾಗ್ದಾದಿನ ಬೇಸಿಗೆಯಲ್ಲಿ ಬಾಗಿಲು ತೆರೆದಿಟ್ಟು ತಂಪು ಹೊರಗೆ ಬಿಡುವ ಮನೆಮುರುಕ ಯಾರಿದ್ದಾನೆ? ಹೊರಗೆ ಉಳಿದ ದೊಡ್ಡಪ್ಪನ ಮಗ ಮುಚ್ಚಿದ ಬಾಗಿಲಿಗೆ ಒರಗಿಕೊಂಡೇ ಸತ್ತ. ಎರಡನೆಯ ಬಾಗಿಲನ್ನೂ ಹಾಕಿದಾಗ "ನೀನು" ಆಯಿತು. ಬೆನ್ನು ಕಾಯಿ ಎಂದು ಗಜ್ವಾನ್ ಮುಂದೆ ನಡೆದಾಗ, ರಾಫಿದ್ ಬಹಳ ಶ್ರದ್ಧೆಯಿಂದ ಅವನ ಬೆನ್ನನ್ನೇ ದಿಟ್ಟಿಸುತ್ತ ಹಿಂದೆ ನಡೆದ. ಶತ್ರು ಪಕ್ಕದಿಂದ ಬಂದು ಇಬ್ಬರನ್ನೂ ಹೊಡೆದ.

"ಲೋ, ಬೆನ್ನು ಕಾಯೋದು ಅಂದ್ರೆ ಬೆನ್ನು ನೋಡ್ತಾ ನಿಂತ್ಕೊಳ್ಳೋದಲ್ಲ ಕಣೋ," ಎಂದ ಗಜ್ವಾನ್. "ಬೇರೆಯವರು ಬರೋ ಕಡೆ ನೋಡೋದು."

"ಯಾರಿವನನ್ನ ಕರ್ಕೊಂಡು ಬಂದಿದ್ದು?" ಎಂದ ಗಿಡುಗ. "ಹೆಸರು ನೋಡಿದ್ರೆ ಸ್ಪಷ್ಟದೃಷ್ಟಿ. ಆನೆ ಎದುರಿಗೆ ಬಂದ್ರೂ ಕಾಣಿಸಲ್ಲ ಇವನಿಗೆ."

ಬೆನ್ನು ನೋಡಿದ್ದರಲ್ಲಿ ತಪ್ಪೇನು ಎಂದು ತಾಯಿ ಮಗನ ಪಕ್ಷ ವಹಿಸಿದಳು. ಉಮ್ ಸಬಾಹ್ ಮಾತ್ರ, ಸಿಂಹ ಎಂದಿಟ್ಟಿದ್ದರೆ ಹೀಗಾಗುತ್ತಿರಲಿಲ್ಲ ಎಂದಳು.

ಆದರೂ ರಾಫಿದ್ ಬಿಡಲಿಲ್ಲ. ಅಂಗೈ ಬೆವರಿ ಫೋನು ಜಾರುತ್ತಿತ್ತು, ಬೈಗುಳಕ್ಕೆ ಕಿವಿ ಕೆಂಪಾಗಿತ್ತು. ಆದರೆ ಎರಡನೆಯ ಆಟದಲ್ಲಿ ಬಾಗಿಲು ತೆರೆದೇ ಬಿಟ್ಟ. ಕೊನೆಗೆ ಮೂರೇ ತಂಡ ಉಳಿದಾಗ ಗಜ್ವಾನ್ ಗುಂಡು ತಿಂದು ಕುಸಿದ. ಪಕ್ಕದಲ್ಲಿ ಕೂತು ಔಷಧಿ ಹಾಕಿದರೆ ಬದುಕುತ್ತಾನೆ. ರಾಫಿದ್ ಗುಂಡಿನ ಮಳೆಯಲ್ಲಿ ಓಡಿಬಂದು ಭಾವೀ ಭಾವಮೈದುನನ ಪಕ್ಕದಲ್ಲಿ ಮಂಡಿಯೂರಿದ. "ಶಹಬ್ಬಾಸ್, ಇದು ಗಂಡಸಿನ ಲಕ್ಷಣ," ಎಂದ ಗಜ್ವಾನ್. ಔಷಧಿಯ ಚಕ್ರ ಮುಕ್ಕಾಲು ತುಂಬಿತ್ತು. ಆಗ ಕೂಲರ್ ಒಮ್ಮೆ ಕೆಮ್ಮಿ ನಿಂತಿತು. ಹಸಿರು ದೀಪ ಆರಿತು. ಸರಕಾರಿ ಕರೆಂಟು ಹೋಯಿತು.

ಇದೇನೂ ಹೊಸದಲ್ಲ. ಸರಕಾರಿ ಕರೆಂಟು ಬೇಸಿಗೆಯಲ್ಲಿ ಗಂಟೆಗೊಮ್ಮೆ ಹೋಗಿ ಬಂದು ಮಾಡುತ್ತದೆ. ಹೋದ ಕೂಡಲೇ ಬೀದಿಯ ಕೊನೆಯ ಶೆಡ್ಡಿನಲ್ಲಿ ಅಬು ಮುವಲ್ಲಿದ ಎಂಬವನು ಡೀಸೆಲ್ ಯಂತ್ರ ತಿರುಗಿಸಿ ಇಡೀ ಬೀದಿಗೆ ಕರೆಂಟು ಕೊಡಬೇಕು. ಅಬು ಮುವಲ್ಲಿದ ಎಂದರೆ ಜನರೇಟರಿನ ಅಪ್ಪ. ಮದುವೆಯಾಗದ ಅವನಿಗೆ ಬೀದಿಯವರು ಇಟ್ಟ ಹೆಸರು ಅದು. ಅವನಿಗಿದ್ದ ಸಂತಾನವೂ ಅದೊಂದೇ. ಅವನ ದನಿಯನ್ನು ಡೀಸೆಲ್ ಸದ್ದಿಲ್ಲದೆ ಕೇಳಿದವರು ಬೀದಿಯಲ್ಲಿ ಯಾರೂ ಇರಲಿಲ್ಲ. ಇಂದು ನೋಡಿದರೆ ಡೀಸೆಲ್ ಸದ್ದೂ ಇಲ್ಲ. ರಾಫಿದ್ ಫೋನ್ ಮಾಡಿದ, ಎತ್ತಲಿಲ್ಲ. ಮತ್ತೆ ಮಾಡಿದ. ಅಷ್ಟರಲ್ಲಿ ಬಸ್ರಾದಿಂದ ಒಂದು ಸಂದೇಶ ಬಂತು: ಸಾಯುತ್ತಿರುವವನನ್ನು ಬಿಟ್ಟು ಎಲ್ಲಿಗೆ ಓಡಿದೆ?

ಕರೆಂಟು ಹೋಯಿತೆಂದು ರಾಫಿದ್ ಬರೆದ. ಗಿಡುಗನೂ ಬಾಗ್ದಾದಿನವನೇ, ಅವನ ಕರೆಂಟು ಹೋಗಲಿಲ್ಲವಲ್ಲ ಎಂದು ಉತ್ತರ ಬಂತು. ಇನ್ನೊಂದು ಆಟ ಮಾತ್ರ, ಅದೇ ಕೊನೆಯದು.

ಮನೆಯೊಳಗೆ ಮೊಬೈಲ್ ಸಿಗ್ನಲ್ ಸಿಗುತ್ತಿರಲಿಲ್ಲ. ಸಂದೇಶವೊಂದು ನುಸುಳಿ ಬರುವುದೇ ಹೆಚ್ಚು. ತಾರಸಿಯ ಮೇಲೆ ನೀರಿನ ಟ್ಯಾಂಕಿಗೆ ಒರಗಿ ನಿಂತರೆ ಚೆನ್ನಾಗಿ ಸಿಗುತ್ತದೆಂದು ಉಮ್ ಸಬಾಹ್ ಅವನನ್ನು ಎಳೆದುಕೊಂಡೇ ಹೋದಳು. ಮಧ್ಯಾಹ್ನದ ಬಿಸಿಲಿಗೆ ಟ್ಯಾಂಕು ಒಲೆಯಂತೆ ಕಾದಿತ್ತು. ತಾಯಿ ಒದ್ದೆ ಟವೆಲನ್ನು ಮಗನ ತಲೆಗೆ ಸುತ್ತಿದಳು. ಪಕ್ಕದ ತಾರಸಿಯಲ್ಲಿ ಪಾರಿವಾಳಗಳಿಗೆ ಕಾಳು ಹಾಕುತ್ತಿದ್ದ ಹಾಜಿ ಶಾಕಿರ್, ಒಂದು ಕಾಲದಲ್ಲಿ ರೈಲ್ವೆ ಗಾರ್ಡ್ ಆಗಿದ್ದವರು, ಇದೇನೆಂದು ವಿಚಾರಿಸಿದರು. ಉಮ್ ಸಬಾಹ್ ಎಲ್ಲವನ್ನೂ, ಇಲ್ಲದ್ದನ್ನೂ ಸೇರಿಸಿ ಹೇಳಿದಳು. ಅಷ್ಟರಲ್ಲಿ ಮೂರನೆಯ ಆಟ ಶುರುವಾಗಿತ್ತು.

"ಎಡಗಡೆ ನೋಡಪ್ಪಾ ರಾಫಿದ್, ಎಡಗಡೆ," ಎಂದು ಹಾಜಿಯವರು ಗೋಡೆ ಹತ್ತಿ ಬಂದೇಬಿಟ್ಟರು. "ಅಲ್ಲೊಬ್ಬ ಪೊದೆ ಹಿಂದೆ ಕೂತಿದಾನೆ."

ರಾಫಿದ್ ಗುಂಡು ಹಾರಿಸಿದ. ಪೊದೆಯಿಂದ ಗಜ್ವಾನನ ದನಿ ಬಂತು. ಬಂದ ಮಾತನ್ನು ಹೆಂಗಸರ ಎದುರಿಗೆ ಹೇಳುವಂತಿರಲಿಲ್ಲ. ಹಾಜಿಯವರು ಕೆಮ್ಮಿ, ಪಾರಿವಾಳಗಳ ಕಡೆ ತಿರುಗಿದರು. ಗಿಡುಗ, ಇವನನ್ನು ಮೊದಲು ಹೊಡೆದುಹಾಕಿ ಆಮೇಲೆ ಶತ್ರುಗಳನ್ನು ನೋಡಿಕೊಳ್ಳೋಣ ಎಂದು ಸಲಹೆ ಕೊಟ್ಟ. ಹಾಗಾಗುವ ಮೊದಲೇ ಫೋನು ಬಿಸಿಲಿಗೆ ಕಾದು, ತಣ್ಣಗಾದ ಮೇಲೆ ಬರುತ್ತೇನೆಂದು ಕಣ್ಣು ಮುಚ್ಚಿತು.

ರಾಫಿದನಿಗೆ ತಡೆಯಲಾಗಲಿಲ್ಲ. ಶಹ್ಲಾ ಕೈತಪ್ಪುತ್ತಿದ್ದಾಳೆ, ಅದೂ ಒಂದು ಸ್ವಿಚ್ಚಿನ ದೆಸೆಯಿಂದ. ತಲೆಗೆ ಸುತ್ತಿದ ಟವೆಲಿನಲ್ಲೇ ಮೆಟ್ಟಿಲಿಳಿದು ಬೀದಿಯುದ್ದ ಓಡಿದ. ಶೆಡ್ಡಿನ ಬಾಗಿಲು ಒಳಗಿನಿಂದ ಹಾಕಿತ್ತು. ಜೀವನದಲ್ಲಿ ಮೊದಲ ಸಲ ಅವನು ಒಂದು ಬಾಗಿಲನ್ನು ಒದ್ದು ತೆರೆದ.

ತಣ್ಣಗೆ ನಿಂತಿದ್ದ ಯಂತ್ರಕ್ಕೆ ಬೆನ್ನು ಆನಿಸಿ, ಬ್ಯಾಟರಿ ಫ್ಯಾನಿನ ಗಾಳಿಗೆ ಮುಖವೊಡ್ಡಿ ಅಬು ಮುವಲ್ಲಿದ ಕೂತಿದ್ದ. ಕಿವಿಗೆ ಹೆಡ್‌ಫೋನು. ಎರಡೂ ಹೆಬ್ಬೆರಳು ಫೋನಿನ ಮೇಲೆ ಕುಣಿಯುತ್ತಿದ್ದವು.

"ಐದು ನಿಮಿಷ ತಾಳು, ನನ್ನ ಕಣ್ಣೇ," ಎಂದ ತಲೆಯೆತ್ತದೆ. "ಈಗ ಎದ್ರೆ ತಂಡ ಸತ್ತುಹೋಗುತ್ತೆ. ಸ್ಪಷ್ಟದೃಷ್ಟಿ ಅಂತ ಒಬ್ಬ ಹೇಡಿ ಇದಾನೆ, ನಡುನೀರಲ್ಲಿ ಕೈಬಿಟ್ಟು ಓಡಿಹೋಗ್ತಾನೆ. ಮನುಷ್ಯನಿಗೆ ಸ್ವಲ್ಪನಾದ್ರೂ ಜವಾಬ್ದಾರಿ ಬೇಡ್ವಾ?"

ಇವನೇ ಕಪ್ಪು ಗಿಡುಗ! ರಾಫಿದ್ ಹೆಡ್‌ಫೋನನ್ನು ಕಿತ್ತುಕೊಂಡು, ಹುಟ್ಟಿದಾಗಿನಿಂದ ಎತ್ತದಷ್ಟು ದೊಡ್ಡ ದನಿಯಲ್ಲಿ ಬಸ್ರಾಕ್ಕೆ ಎಲ್ಲವನ್ನೂ ಹೇಳಿದ. ನಿಮ್ಮ ಗಿಡುಗ ನಮ್ಮ ಬೀದಿಯ ಜನರೇಟರಿನವನು. ಬೀದಿಯನ್ನೆಲ್ಲ ಸೆಕೆಯಲ್ಲಿ ಬೇಯಲು ಬಿಟ್ಟು ಇಲ್ಲಿ ಆಡುತ್ತಾ ಕೂತಿದ್ದಾನೆ. ನಾನು ಓಡಿಹೋದದ್ದಲ್ಲ, ಇವನು ನನ್ನನ್ನು ದೀಪದ ಹಾಗೆ ಆರಿಸಿದ್ದು.

ಆ ಕಡೆ ಗುಂಡಿನ ಸದ್ದು ನಿಂತಿತು. ನ್ಯಾಯ ಸಿಕ್ಕಿತೆಂದು ರಾಫಿದನ ಎದೆ ಉಬ್ಬಿತು.

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ," ಎಂದ ಗಜ್ವಾನ್. ಬಹುವಚನ ವಾಪಸು ಬಂದಿತ್ತು. "ಆ ಜನರೇಟರು ಅವರ ಸ್ವಂತದ್ದಾ?"

"ಸ್ವಂತದ್ದೇ."

"ಇಡೀ ಬೀದಿಗೆ ಕರೆಂಟು ಹೋದ್ರೂ ಅವರು ತಂಡ ಬಿಟ್ಟು ಏಳಲಿಲ್ಲ ಅಂತೀರಿ."

"ಹೌದು, ಅದನ್ನೇ ತಾನೇ ನಾನು..."

"ಅವರಿಗೆ ಮದುವೆ ಆಗಿದೆಯಾ?"

ಅಬು ಮುವಲ್ಲಿದನ ನಿಶ್ಚಿತಾರ್ಥಕ್ಕೆ ಇಡೀ ಬೀದಿಯನ್ನು ಕರೆದಿದ್ದರು. ಶಹ್ಲಾ ಹೊಸ ಕನ್ನಡಕ ಹಾಕಿಕೊಂಡು ಬಹಳ ಚೆನ್ನಾಗಿ ಕಾಣುತ್ತಿದ್ದಳು. ಅದನ್ನು ಮಾಡಿಕೊಟ್ಟವನು ರಾಫಿದನೇ. ಅವಳು ಅಂದು ಅಂಗಡಿಯಲ್ಲಿ ಹೇಳಿದ ಕರೆಂಟಿನ ಮಾತು ತಮಾಷೆಯಲ್ಲವೆಂದು ಅವನಿಗೆ ಆಗ ಅರ್ಥವಾಯಿತು. ಅವಳು ವರನಿಗೆ ಹಾಕಿದ ಷರತ್ತು ಒಂದೇ ಎಂದು ಉಮ್ ಸಬಾಹ್ ಎಲ್ಲರಿಗೂ ಹೇಳಿಕೊಂಡು ಬಂದಳು: ಇನ್ನು ಮೇಲೆ ಆಟ ಮುಟ್ಟಕೂಡದು, ಸರಕಾರಿ ಕರೆಂಟು ಹೋದ ಕ್ಷಣ ಯಂತ್ರ ತಿರುಗಬೇಕು. ಪಾಪ, ಅಬು ಮುವಲ್ಲಿದ ಮಾತಿಗೆ ತಪ್ಪಲಿಲ್ಲ. ಬೀದಿಯಲ್ಲಿ ಈಗ ಬಲ್ಬು ಕಣ್ಣು ಮಿಟುಕಿಸುವಷ್ಟರಲ್ಲಿ ಡೀಸೆಲ್ ಸದ್ದು ಕೇಳುತ್ತದೆ. ಜನ ರಾಫಿದನನ್ನು ಕಂಡಾಗಲೆಲ್ಲ, ನಿನ್ನಿಂದ ನಮಗೆಲ್ಲ ಒಳ್ಳೆಯದಾಯಿತು ಎಂದು ಬೆನ್ನು ತಟ್ಟಿದರು.

ಮುಂದಿನ ಶುಕ್ರವಾರ ಊಟ ಮುಗಿಸಿ ಕಾಲು ಚಾಚಿದ್ದಷ್ಟೇ, ಫೋನು ಹೊಡೆದುಕೊಂಡಿತು. ಗಜ್ವಾನ್. ಗಿಡುಗ ಆಟ ಬಿಟ್ಟನಂತೆ, ತಂಡಕ್ಕೆ ಒಬ್ಬ ಕಡಿಮೆಯಂತೆ. ಗಜ್ವಾನನಿಗೆ ಮದುವೆಯ ವಯಸ್ಸಿಗೆ ಬಂದ ಒಬ್ಬ ಸೋದರತ್ತೆಯ ಮಗಳಿದ್ದಾಳೆಂದು ತಿಳಿದ ರಾಫಿದನ ತಾಯಿ ಮಗ ಆಡುತ್ತಾನೆಂದು ಆಗಲೇ ಒಪ್ಪಿಕೊಂಡುಬಿಟ್ಟಿದ್ದಳು.

ಕರೆಂಟು ಇಲ್ಲವೆಂದು ಹೇಳೋಣವೆಂದು ರಾಫಿದ್ ಮೇಲೆ ನೋಡಿದ. ಫ್ಯಾನು ತಿರುಗುತ್ತಿತ್ತು, ಕೂಲರ್ ಭರ್ರೆನ್ನುತ್ತಿತ್ತು, ಹಸಿರು ದೀಪ ಎವೆಯಿಕ್ಕದೆ ಅವನನ್ನೇ ನೋಡುತ್ತಿತ್ತು.

"ನೆಪ ಹೇಳ್ಬೇಡ ಲೋ, ಸ್ಪಷ್ಟದೃಷ್ಟಿ," ಎಂದ ಗಜ್ವಾನ್. "ಇನ್ಮೇಲೆ ನಿಮ್ಮ ಬೀದೀಲಿ ಕರೆಂಟು ಹೋಗಲ್ಲ, ನನ್ನ ಭಾವಮೈದುನನೇ ಮಾತು ಕೊಟ್ಟಿದಾನೆ. ಬಾ, ಬಂದು ನನ್ನ ಬೆನ್ನು ಕಾಯಿ."