ಮಾವನವರಿಗೆ ಮದುವೆ ತೋರಿಸಿದ್ದು

ಕೊಟ್ಟೂರಿನ ಪ್ರೌಢಶಾಲೆಯಲ್ಲಿ ಗಣಿತ ಕಲಿಸುವ ನಾನು, ಲ್ಯಾಪ್‌ಟಾಪ್ ಕೊಂಡ ವಾರದಲ್ಲೇ ಕಂಪ್ಯೂಟರ್ ಎಂದರೆ ಇಷ್ಟೇ ತಾನೆ ಎಂಬ ತೀರ್ಮಾನಕ್ಕೆ ಬಂದಿದ್ದೆ. ಹೊಸಪೇಟೆಯ ಅಂಗಡಿಯಲ್ಲಿದ್ದವುಗಳ ಪೈಕಿ ಅತಿ ಹಗುರವಾದದ್ದನ್ನು ಆರಿಸಿ ತಂದಿದ್ದೆ. ಅದು ಯಾಕೆ ಅಷ್ಟು ಹಗುರ ಎಂದು ಕೇಳುವ ಬುದ್ಧಿ ಬಂದಿರಲಿಲ್ಲ.

ಆ ಬೇಸಿಗೆಯಲ್ಲೇ ಮಗಳು ಸುಮಾಳ ಮದುವೆ. ಇನ್ನು ನಾಲ್ಕು ದಿನ ಇದೆ ಎನ್ನುವಾಗ ಕಾನಹೊಸಹಳ್ಳಿಯ ನನ್ನ ಮಾವನವರು ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡರು. ಮೊಮ್ಮಗಳಿಗೆ ಅಕ್ಷತೆ ಹಾಕಲಾಗುವುದಿಲ್ಲವಲ್ಲ ಎಂದು ಮಲಗಿದಲ್ಲೇ ಕಣ್ಣೀರಿಟ್ಟರು.

"ಚಿಂತಿ ಮಾಡಬ್ಯಾಡ್ರಿ ಮಾವಾರ, ಮದುವಿನ ನಿಮ್ಮ ಮಂಚಕ್ಕ ತರ್ತೀನಿ" ಎಂದು ಮಾತು ಕೊಟ್ಟೆ.

ಮದುವೆ ಮುಗಿಯಿತು. ವಿಡಿಯೊ ತೆಗೆದಿದ್ದ ಜಿಲಾನಿ ಡಿಸ್ಕ್ ಕೊಡುತ್ತಾ, "ಎಚ್‌ಡಿ ಐತ್ರಿ ಮೇಷ್ಟ್ರೇ. ಒಂದೊಂದು ಅಕ್ಕಿಕಾಳೂ ಕಾಣ್ತೈತಿ" ಎಂದ.

ಭಾನುವಾರ ನಾನೂ ಹೆಂಡತಿ ಗಿರಿಜಾಳೂ ಬಸ್ಸು ಹತ್ತಿ ಹೋದೆವು. ಮಾವನವರು ದಿಂಬಿಗೆ ಒರಗಿ ಕಾದಿದ್ದರು. ಓಣಿಯ ಹತ್ತು ಜನ ಚಾಪೆಯ ಮೇಲೆ ಕೂತಿದ್ದರು. ಡಿಸ್ಕ್ ಹಿಡಿದು ಲ್ಯಾಪ್‌ಟಾಪಿನ ಬಲಗಡೆ ನೋಡಿದೆ. ಎಡಗಡೆ ನೋಡಿದೆ. ಬೋರಲು ಹಾಕಿ ನೋಡಿದೆ. ಒಳಗೆಲ್ಲೋ ಅಡಗಿರಬೇಕೆಂದು ಬ್ಯಾಟರಿಯನ್ನೂ ಕಳಚಿದೆ.

"ಏನ್ ಹುಡುಕಾಕತ್ತೀರಿ?" ಗಿರಿಜಾ ಕೇಳಿದಳು.

"ಡಿಸ್ಕ್ ಹಾಕೋ ಜಾಗ."

"ಕೊಳ್ಳುವಾಗ ನೋಡಲಿಲ್ಲೇನು?"

ನೋಡಿರಲಿಲ್ಲ. ಇದ್ದೇ ಇರುತ್ತದೆ ಎಂದುಕೊಂಡಿದ್ದೆ. ಪಕ್ಕದ ಮನೆಯವರ ಹಳೇ ಡಿವಿಡಿ ಪ್ಲೇಯರಿಗೆ ಹಾಕಿದರೆ, ಎಚ್‌ಡಿ ಅದಕ್ಕೆ ಒಗ್ಗದೆ, ಎರಡು ಸಲ ಗುರುಗುಟ್ಟಿ ಡಿಸ್ಕನ್ನು ಉಗುಳಿತು. ಓಣಿಯವರು ಚಹಾ ಕುಡಿದು ಎದ್ದುಹೋದರು.

ಮರುದಿನ ಜಿಲಾನಿಯ ಬಳಿಗೆ ಒಯ್ದೆ. ಅವನು ಲ್ಯಾಪ್‌ಟಾಪ್ ತಿರುಗಿಸಿ ನೋಡಿ, "ಇದಕ್ಕ ಡಿಸ್ಕ್ ಡ್ರೈವೇ ಇಲ್ರಿ. ಫೈಲನ್ನ ಪೆನ್‌ಡ್ರೈವಿಗೆ ಹಾಕಿ ಕೊಡ್ತೀನಿ" ಎಂದ.

"ಡ್ರೈವೇ ಇಲ್ಲ ಅಂದಮ್ಯಾಲೆ ಇನ್ನೊಂದು ಡ್ರೈವ್ ಎಲ್ಲಿ ಹಾಕೋದು?"

ಅವನು ನನ್ನನ್ನು ದಿಟ್ಟಿಸಿ, "ನೀವು ಗಣಿತದವರಲ್ರಿ?" ಎಂದ. ಮಾನ ಉಳಿಸಿಕೊಳ್ಳಲು, ಎಲ್ಲ ತಿಳಿಯಿತೆಂದು ತಲೆಯಾಡಿಸಿದೆ. "ಇಲ್ಲೇ ಒಮ್ಮೆ ಹಚ್ಚಿ ನೋಡೂಣೇನ್ರಿ?" ಎಂದರೂ ಬೇಡವೆಂದು ಹೊರಟುಬಂದೆ.

ಮುಂದಿನ ಭಾನುವಾರ ಅದೇ ಮಂಚ, ಅದೇ ಜನ. ಪೆನ್‌ಡ್ರೈವ್ ಚುಚ್ಚಿದೆ. ವಾಲಗ ಮೊಳಗಿತು. ಮಂಟಪ ಕಂಡಿತು. ಮಾವನವರ ಮುಖ ಅರಳುವಷ್ಟರಲ್ಲಿ ಚಿತ್ರ ನಿಂತಿತು. ಶಬ್ದ ಮಾತ್ರ ತನ್ನಷ್ಟಕ್ಕೆ ಮುಂದೆ ಹೊರಟಿತು. ಚಿತ್ರ ನಿಂತದ್ದಾದರೂ ಎಲ್ಲಿ? ನನ್ನ ಮುಖದ ಮೇಲೆ. ಮಗಳ ಮದುವೆಯಲ್ಲಿ ನಾನು ಬಾಯಿ ಅಗಲ ತೆರೆದು ಆಕಳಿಸುತ್ತಿದ್ದೆ. ಎಚ್‌ಡಿ ಆದ್ದರಿಂದ ಕಿರುನಾಲಗೆಯೂ ಸ್ಪಷ್ಟವಾಗಿತ್ತು.

ಗಾಬರಿಯಲ್ಲಿ ಸಿಕ್ಕ ಕೀಗಳನ್ನೆಲ್ಲ ಒತ್ತಿದೆ. ಆಕಳಿಕೆ ತಲೆಕೆಳಗಾಯಿತು.

ಜಿಲಾನಿಗೆ ಫೋನ್ ಮಾಡಿದೆ. "ಫೈಲು ಚಲೋ ಐತ್ರಿ. ಎಚ್‌ಡಿ ಓಡಿಸಾಕ ನಿಮ್ಮ ಲ್ಯಾಪ್‌ಟಾಪಿಗೆ ಶಕ್ತಿ ಸಾಲವಲ್ದು" ಎಂದ.

ಮುಚ್ಚಲು ಕೈ ಚಾಚಿದರೆ ಮಾವನವರು ತಡೆದರು. "ಇರಲಿ ಬಿಡ್ರಿ, ಕೇಳ್ತೀನಿ." ಕಣ್ಣು ಮುಚ್ಚಿಕೊಂಡರು. ಮಂತ್ರ ಮುಗಿಯಿತು. ಗಟ್ಟಿಮೇಳ ಬಾರಿಸಿದರು. ಎಲ್ಲೋ ಸುಮಾ ನಕ್ಕಿದ್ದು ಕೇಳಿಸಿತು. "ನಮ್ಮ ಸುಮಿ" ಎಂದು ಮುದುಕರು ಗಾಳಿಯಲ್ಲೇ ಅಕ್ಷತೆ ಹಾಕುವಂತೆ ಕೈಯೆತ್ತಿದರು. ಗಿರಿಜಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಂದಿನಿಂದ ಮಾವನವರು ನೋಡಲು ಬಂದವರಿಗೆಲ್ಲ ಹೇಳುತ್ತಾರಂತೆ: "ಮದುವಿ ಭಾಳ ಚಂದ ಆತು. ಅಳಿಯಂದ್ರು ಮಾತ್ರ ಸುರುವಿನಿಂದ ಕಡೀತನಕ ಬಾಯಿ ಮುಚ್ಚಲೇ ಇಲ್ಲ."