ಸತ್ತ ದೇಶದ ವಿನಾಯಿತಿ

ಸೋವಿಯತ್ ಒಕ್ಕೂಟ ಎರಡು ಸಲ ಸತ್ತಿತು. ಮೊದಲನೆಯ ಸಲ ಸತ್ತದ್ದು ಎಲ್ಲರಿಗೂ ಗೊತ್ತು. ಎರಡನೆಯ ಸಲ ಅದನ್ನು ಕೊಂದವನು ಎರೆಹುಳುಗಳ ಸಂಶೋಧಕ ಮಾಮುಕಾ ಕಿಕ್ನಾದ್ಜೆ. ಕೊಂದದ್ದು ಕ್ಯಾನ್ಸಸ್ಸಿನ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ, ಏಪ್ರಿಲ್ ಹದಿನೈದನೇ ತಾರೀಖು, ನೀಲಿ ಬಾಲ್‌ಪೆನ್ನಿನಿಂದ. ಆ ಪೆನ್ನಿನ ಏಟಿಗೆ ಮಾಸ್ಕೋದ ಗಂಟೆಗಳೆಲ್ಲ ತಾವಾಗಿ ಬಾರಿಸಿಕೊಂಡವು. ಕ್ಯಾನ್ಸಸ್ಸಿನ ಜೋಳದ ಹೊಲಗಳು ಎದ್ದು ನಿಂತು ನಮಸ್ಕಾರ ಹಾಕಿದವು. ನಂಬದವರು ಹೋಗಿ ಆ ಮೇಜನ್ನು ನೋಡಬಹುದು. ಪೆನ್ನು ಒತ್ತಿದ ಜಾಗದಲ್ಲಿ ಒಂದು ಬಾವಿ ಬಿದ್ದಿದೆ. ಬೇಸಿಗೆಯಲ್ಲೂ ನೀರಿರುತ್ತದೆ.

ಇಷ್ಟು ದೊಡ್ಡ ಅನಾಹುತಕ್ಕೆ ಕಾರಣ ಒಂದು ಚಿಕ್ಕ ಪದ.

ಫೆಬ್ರವರಿಯಲ್ಲಿ ವಿಶ್ವವಿದ್ಯಾಲಯದ ವಿದೇಶಿಯರ ಕಚೇರಿಯಿಂದ ಮಾಮುಕಾನಿಗೆ ಒಂದು ಮಿಂಚಂಚೆ ಬಂತು. ಆದಾಯ ತೆರಿಗೆಯ ಮಟ್ಟಿಗೆ ನೀವು ‘ವಿನಾಯಿತಿ ಪಡೆದ ವ್ಯಕ್ತಿ’ ಎಂದು ಅದರಲ್ಲಿತ್ತು. ಮಾಮುಕಾ ಮನಸ್ಸಿನಲ್ಲಿ ಓದಿಕೊಂಡ. ಆಮೇಲೆ ಪ್ರಯೋಗಾಲಯದ ಬಾಗಿಲು ಹಾಕಿ ಎರೆಹುಳುಗಳಿಗೆ ಕೇಳುವಂತೆ ಗಟ್ಟಿಯಾಗಿ ಓದಿದ. ತಿಂಗಳು ತಿಂಗಳೂ ಸಂಬಳದಿಂದ ತೆರಿಗೆಯೆಂದು ಮುರಿದುಕೊಂಡದ್ದೆಲ್ಲ ವಾಪಸ್ ಬರುವುದಾದರೆ, ಅಕ್ಟೋಬರಿನಲ್ಲಿ ಊರಿಗೆ ವಿಮಾನದ ಟಿಕೆಟ್ ಆಯಿತೆಂದೇ ಲೆಕ್ಕ. ಆ ತಿಂಗಳು ಜಾರ್ಜಿಯಾದ ಕುತಾಯಿಸಿ ಊರಿನಲ್ಲಿ ದ್ರಾಕ್ಷಿ ಕೊಯ್ಲು. ಕೊಯ್ಲಿನ ದಿನವೇ ತಾತ ಬಿದ್ಜಿನಾನ ತೊಂಬತ್ತನೇ ಹುಟ್ಟುಹಬ್ಬ.

ಮಾಮುಕಾ ಅಂದೇ ತಾತನಿಗೆ ಫೋನು ಮಾಡಿ, ಬರ್ತೀನಿ, ಔತಣಕ್ಕೆ ತಮಾದಾ ನಾನೇ ಅಂದುಬಿಟ್ಟ. ತಮಾದಾ ಅಂದರೆ ಊಟದ ಮೇಜಿನ ದೊರೆ. ಅವನು ಎದ್ದು ಹಾರೈಸದೆ ಯಾರೂ ಒಂದು ಗುಟುಕು ವೈನ್ ಕುಡಿಯುವಂತಿಲ್ಲ. ಮೊಮ್ಮಗನ ಬಾಯಿಂದ ಹಾರೈಕೆ ಕೇಳಿಯೇ ಸಾಯುವುದೆಂದು ಹಟ ಹಿಡಿದಿದ್ದ ಮುದುಕ, ಇಪ್ಪತ್ತು ವರ್ಷದಿಂದ ತಮಾದಾ ಆಗಿದ್ದ ಸೋದರಮಾವನನ್ನು ಆ ಗಳಿಗೆಯೇ ಕುರ್ಚಿಯಿಂದ ಇಳಿಸಿದ. ಮಾವ ಮಾತು ಬಿಟ್ಟ. ಇಷ್ಟಾದ ಮೇಲೆ ಹೋಗದೆ ಇರುವುದು ಹೇಗೆ?

ವಿನಾಯಿತಿ ಸಿಕ್ಕವನಿಗೆ ತೆರಿಗೆಯ ಯೋಚನೆ ಯಾಕೆ ಎಂದು ಮಾಮುಕಾ ನೆಮ್ಮದಿಯಾಗಿ ಮಲಗಿದ. ಎಷ್ಟು ನೆಮ್ಮದಿಯೆಂದರೆ, ಅವನ ಗೊರಕೆಗೆ ಪಕ್ಕದ ಜಿಲ್ಲೆಯಲ್ಲಿ ಸುಂಟರಗಾಳಿಯ ಸೈರನ್ ಕೂಗಿಸಿದ್ದರು.

ಏಪ್ರಿಲ್ ಹದಿನೈದರ ಬೆಳಿಗ್ಗೆ ವಸತಿಗೃಹದ ನೆಲಮಾಳಿಗೆಯಲ್ಲಿ ಅವನು ಬಟ್ಟೆ ಒಗೆಯುವ ಯಂತ್ರದ ಮುಂದೆ ಕೂತಿದ್ದಾಗ ಜುಸಾರಾ ಬಂದಳು. ಬ್ರೆಜಿಲ್ಲಿನವಳು, ಭಾಷಾಶಾಸ್ತ್ರ ಓದುತ್ತಿದ್ದಳು. ಮೂರೂ ಮಹಡಿಯವರ ಸಮಾಚಾರ ಅವರಿಗಿಂತ ಮೊದಲು ಅವಳಿಗೆ ತಿಳಿದಿರುತ್ತಿತ್ತು. ತೆರಿಗೆಯ ರಿಟರ್ನ್ ಕಳಿಸಿದೆಯಾ, ಇವತ್ತು ಕೊನೇ ದಿನ ಅಂದಳು. ನಾನು ವಿನಾಯಿತಿ ಪಡೆದವನು ಎಂದು ಮಾಮುಕಾ ಎದೆಯುಬ್ಬಿಸಿದ. ಜುಸಾರಾ ಕೈಯಲ್ಲಿದ್ದ ಕಾಲುಚೀಲ ಕೆಳಗಿಟ್ಟಳು.

“ತೆರಿಗೆಯಿಂದ ಅಲ್ಲ ಮಾರಾಯ. ನೀನು ಈ ದೇಶದಲ್ಲಿ ಕಳೆದ ದಿನಗಳನ್ನ ಎಣಿಸೋದರಿಂದ ವಿನಾಯಿತಿ. ಅಂದ್ರೆ ನೀನು ಇಲ್ಲಿದ್ದೀಯ, ಆದ್ರೆ ಇಲ್ಲ ಅಂತ ಲೆಕ್ಕ.”

“ಇಲ್ಲದೋನ ಹತ್ರ ತೆರಿಗೆ ಯಾಕೆ ತಗೋತಾರೆ?”

“ನೀನಿಲ್ಲ ಸರಿ. ನಿನ್ನ ಸಂಬಳ ಇದೆಯಲ್ಲ.”

ಮಾಮುಕಾನ ಮುಖ ನೆನೆಸಿಟ್ಟ ಬ್ರೆಡ್ಡಿನಂತಾಯಿತು. ಟಿಕೆಟ್ ಹೋಯಿತು, ಕುರ್ಚಿ ಹೋಯಿತು, ಮಾವನಂತೂ ಮೊದಲೇ ಹೋಗಿದ್ದ. ಅವನು ಬಿಟ್ಟ ನಿಟ್ಟುಸಿರಿಗೆ ಒಣಗಿಸುವ ಯಂತ್ರದೊಳಗಿನ ಬಟ್ಟೆ ಕರೆಂಟಿಲ್ಲದೆ ಒಣಗಿತು.

ಅಷ್ಟರಲ್ಲಿ ಬಕೆಟ್ಟಿನ ತುಂಬ ಅಂಗಿ ತುಂಬಿಕೊಂಡು ಹ್ರಾಂತ್ ಇಳಿದುಬಂದ. ಅರ್ಮೇನಿಯಾದ ಗಣಿತದ ವಿದ್ಯಾರ್ಥಿ. ಸಂಗತಿ ಕೇಳಿ ನಕ್ಕುಬಿಟ್ಟ. ಅಷ್ಟಕ್ಕೇ ಸಾಯಬೇಡ, ತೆರಿಗೆಯಿಂದಲೂ ವಿನಾಯಿತಿ ಉಂಟು, ಆದರೆ ಅದರ ಬಾಗಿಲು ಬೇರೆ ಅಂದ. ಅಮೆರಿಕ ಹಲವು ದೇಶಗಳ ಜೊತೆ ತೆರಿಗೆ ಒಪ್ಪಂದ ಮಾಡಿಕೊಂಡಿದೆ. ಆ ದೇಶಗಳಿಂದ ಬಂದ ಸಂಶೋಧಕರಿಗೆ ಒಂದಷ್ಟು ಕಾಲ ತೆರಿಗೆ ಬಿಡುತ್ತದೆ.

“ನಮ್ಮ ಜಾರ್ಜಿಯಾ ಜೊತೆ ಇದೆಯಾ?” ಮಾಮುಕಾ ಎದ್ದು ನಿಂತ.

“ನಿಮ್ಮ ದೇಶಕ್ಕೂ ಇದೆ, ನಮ್ಮ ದೇಶಕ್ಕೂ ಇದೆ. ಆದ್ರೆ ಮಾಡ್ಕೊಂಡಿದ್ದು ನಾವಲ್ಲ.”

“ಮತ್ಯಾರು?”

“ಹಳೇ ಯಜಮಾನ್ರು.”

ಮಾಮುಕಾ ಮತ್ತೆ ಕೂತ. ಹ್ರಾಂತ್ ಅಂಗಿಗಳನ್ನು ಯಂತ್ರಕ್ಕೆ ತುರುಕುತ್ತ ವಿವರಿಸಿದ. ಒಪ್ಪಂದ ಆದದ್ದು ಸೋವಿಯತ್ ಒಕ್ಕೂಟದ ಜೊತೆ. ಒಕ್ಕೂಟ ಸತ್ತರೂ ಒಪ್ಪಂದಕ್ಕೆ ಸಾಯಲು ಯಾರೂ ಹೇಳಿಲ್ಲ. ಕಾಗದದಲ್ಲಿ ಆ ಹೆಸರು ಬರೆದು ಕೆಳಗೆ ಸಹಿ ಹಾಕಿದರೆ ಮುರಿದುಕೊಂಡದ್ದು ವಾಪಸ್. “ನಾನು ವರ್ಷಕ್ಕೊಂದು ದಿನ ಸೋವಿಯತ್ ಆಗ್ತೀನಿ,” ಅಂದ. “ಸಾಯಂಕಾಲ ತಲೆಗೆ ಸ್ನಾನ ಮಾಡ್ತೀನಿ.”

ಜುಸಾರಾಗೆ ಹೊಟ್ಟೆ ಉರಿಯಿತು. ಬ್ರೆಜಿಲ್ಲಿಗೆ ಇಂಥ ಒಪ್ಪಂದವೇ ಇಲ್ಲ. “ನಮ್ಮ ದೇಶ ಗುಂಡುಕಲ್ಲಿನ ಹಾಗೆ ಬದುಕಿದೆ, ಏನು ಪ್ರಯೋಜನ? ನಾನೂ ಯಾವುದಾದ್ರೂ ಸತ್ತ ದೇಶದಲ್ಲಿ ಹುಟ್ಟಬೇಕಾಗಿತ್ತು.”

ಮಾಮುಕಾನಿಗೆ ಮಾತ್ರ ನಗು ಬರಲಿಲ್ಲ. ತಾತ ಬಿದ್ಜಿನಾನ ಹಿತ್ತಿಲಿನಲ್ಲಿ ನೆಲದೊಳಗೆ ಹೂತ ಒಂದು ವೈನಿನ ಗುಡಾಣವಿತ್ತು. ಎಂಥ ಗುಡಾಣ! ತೊಳೆಯಲೆಂದು ಒಳಗಿಳಿದ ತಾತನ ತಮ್ಮ ಹೊರಗೆ ಬರುವಷ್ಟರಲ್ಲಿ ಗಡ್ಡ ಬಂದಿತ್ತು. ಹೊರಗೆ ಅವನಿಗಾಗಿ ನೋಡಿಟ್ಟ ಹುಡುಗಿಗೆ ಎರಡು ಮಕ್ಕಳಾಗಿದ್ದವು. ತಾತ ಹೊಸದಾಗಿ ಮದುವೆಯಾಗಿದ್ದಾಗ ಸರ್ಕಾರದವರು ಬಂದು, ಮಾಸ್ಕೋದ ವಸ್ತುಪ್ರದರ್ಶನಕ್ಕೆ ಬೇಕು ಎಂದು ಗುಡಾಣವನ್ನು ಅಗೆದು ಹೊತ್ತುಕೊಂಡು ಹೋದರು. ಪ್ರದರ್ಶನ ಮುಗಿಯಿತು, ಸರ್ಕಾರವೂ ಮುಗಿಯಿತು, ಗುಡಾಣ ಬರಲಿಲ್ಲ. ಅಂದಿನಿಂದ ಆ ಮನೆಯಲ್ಲಿ ಪ್ರತಿ ಔತಣವೂ ಸೋವಿಯತ್ ಒಕ್ಕೂಟಕ್ಕೆ ಹಿಡಿಶಾಪ ಹಾಕಿಯೇ ಶುರು. ಅಪ್ಪಿತಪ್ಪಿ ಆ ಹೆಸರು ಬಾಯಿಗೆ ಬಂದವರು ವೈನಿನಲ್ಲಿ ಬಾಯಿ ಮುಕ್ಕಳಿಸಬೇಕು. ಹಾಗಾಗಿ ಚಿಕ್ಕಪ್ಪಂದಿರ ಬಾಯಿಗೆ ಅದು ದಿನಾ ಅಪ್ಪಿತಪ್ಪಿ ಬರುತ್ತಿತ್ತು.

ಆ ಹೆಸರಿನ ಕೆಳಗೆ ಕಿಕ್ನಾದ್ಜೆ ಮನೆತನದ ಸಹಿಯೇ? ಅದೂ ತಾತನ ಹುಟ್ಟುಹಬ್ಬಕ್ಕೆ ಹೋಗುವ ಟಿಕೆಟ್ಟಿಗಾಗಿ?

ತಾತನನ್ನೇ ಕೇಳಿಬಿಡು ಎಂದಳು ಜುಸಾರಾ. ಕೇಳಿದರೆ ಹೆಸರು ಕಿವಿಗೆ ಬಿದ್ದ ಕೂಡಲೇ ಪ್ರಾಣ ಹೋಗುತ್ತದೆ ಅಂದ ಮಾಮುಕಾ. ಹಾಗಾದರೆ ಹೇಳಲೇಬೇಡ ಎಂದ ಹ್ರಾಂತ್. ಅದಕ್ಕೆ ಮಾಮುಕಾ, ತಮಾದಾ ಆಗಿ ನಿಂತು ತಾತನ ಕಣ್ಣು ನೋಡುತ್ತ ಹಾರೈಸುವಾಗ ಸುಳ್ಳು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ ಅಂದ. ಇಬ್ಬರೂ ಸೇರಿ ಅವನನ್ನು ಗ್ರಂಥಾಲಯಕ್ಕೆ ತಳ್ಳಿಕೊಂಡು ಹೋದರು. ಒಗೆದ ಬಟ್ಟೆ ಯಂತ್ರದಲ್ಲೇ ಉಳಿಯಿತು.

ಗ್ರಂಥಾಲಯದಲ್ಲಿ ತೆರಿಗೆ ನೆರವಿನ ಮೇಜಿನ ಹಿಂದೆ ಲೊರೇನ್ ಕೂತಿದ್ದಳು. ಶಾಲೆಯಲ್ಲಿ ಹಾಡು ಕಲಿಸಿ ನಿವೃತ್ತಳಾದ ಅಜ್ಜಿ, ಪುಕ್ಕಟೆ ಸೇವೆ, ಪಕ್ಕದಲ್ಲಿ ನಿಂಬೆಹಣ್ಣಿನ ಬರ್ಫಿಯಂಥದ್ದರ ಒಂದು ತಟ್ಟೆ. ಯಾವ ಊರಪ್ಪ ಎಂದಳು. ಜಾರ್ಜಿಯಾ ಅಂದ. ಅಮೆರಿಕದಲ್ಲೂ ಒಂದು ಜಾರ್ಜಿಯಾ ರಾಜ್ಯವಿದೆ. ಅವಳ ಮುಖ ಅರಳಿತು. ತಂಗಿ ಅಲ್ಲೇ, ಅಟ್ಲಾಂಟಾದಲ್ಲಿ ಇರೋದು, ಈ ಮೇಜು ವಿದೇಶದವರಿಗೆ, ನಿಮ್ಮದು ಆ ಸಾಲು ಎಂದು ಬೆರಳು ತೋರಿಸಿದಳು. ಹತಾಶೆಯಲ್ಲಿದ್ದ ಮನುಷ್ಯ ಹೇಳಿದ ಕಡೆಗೆ ಹೋಗುತ್ತಾನೆ. ಮಾಮುಕಾ ಅಮೆರಿಕನ್ನರ ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತ, ಅಲ್ಲಿಂದ ಓಡಿಸಿಕೊಂಡ, ಮತ್ತೆ ಇಲ್ಲಿ ಸಾಲಿನ ಬಾಲಕ್ಕೆ ಬಂದು ನಿಂತ. ಅಷ್ಟರಲ್ಲಿ ಜುಸಾರಾ ಸಾಲಿನಲ್ಲಿದ್ದವರಿಗೆಲ್ಲ ಗುಡಾಣದ ಕತೆ ಹೇಳಿ ಮುಗಿಸಿದ್ದಳು. ಸಾಲು ಎರಡು ಪಕ್ಷವಾಗಿ ಒಡೆದಿತ್ತು. ಸಹಿ ಹಾಕು ಎನ್ನುವವರು ಬಲಕ್ಕೆ, ಹಾಕಬೇಡ ಎನ್ನುವವರು ಎಡಕ್ಕೆ. ಕ್ಯಾನ್ಸಸ್ಸಿನಲ್ಲಿ ಅಂಥ ಚುನಾವಣೆ ಇನ್ನೂ ನಡೆದಿಲ್ಲ.

ಸರದಿ ಬಂತು. ಲೊರೇನ್ ದೇಶಗಳ ಪಟ್ಟಿಯ ಮೇಲೆ ಬೆರಳಾಡಿಸಿದಳು. ಜಾರ್ಜಿಯಾ ಬೇರೆಯಾಗಿ ಸಿಗಲಿಲ್ಲ. ಕನ್ನಡಕ ಏರಿಸಿದಳು, ಇಳಿಸಿದಳು, ಕಡೆಗೆ ಸಿಕ್ಕಿತು. ನಲವತ್ತು ಮಕ್ಕಳ ಗದ್ದಲದ ಮೇಲೆ ಹಾಡಿ ಪಳಗಿದ ಗಂಟಲು. “ಇಲ್ಲಿದೆ ನೋಡು ಮಗು. ಸೋವಿಯತ್ ಒಕ್ಕೂಟ.”

ಓದುವ ಕೋಣೆಯಲ್ಲಿ ಎಲ್ಲ ತಲೆಗಳೂ ಎದ್ದವು. ಮಾಮುಕಾನ ಕೈ ತಾನಾಗಿ ನೀರಿನ ಬಾಟಲಿಗೆ ಹೋಯಿತು, ಬಾಯಿ ಮುಕ್ಕಳಿಸಿಕೊಂಡ.

“ಬೇಡ,” ಅಂದ.

“ಯೋಚನೆ ಮಾಡು ಮಗು. ಇದು ಬರೀದೆ ಇದ್ರೆ ನಿನಗೆ ಏನೂ ವಾಪಸ್ ಬರಲ್ಲ. ಮೇಲೆ ಸ್ವಲ್ಪ ನೀನೇ ಕೊಡಬೇಕು.”

“ಕೊಡ್ತೀನಿ. ಬಡವನಾಗಿ ಇಲ್ಲೇ ಇರ್ತೀನಿ, ಊರಿಗೂ ಹೋಗಲ್ಲ. ಆ ಹೆಸರಿನ ಕೆಳಗೆ ನಮ್ಮ ಹೆಸರು ಬೇಡ.”

ಎಡಪಕ್ಷ ಚಪ್ಪಾಳೆ ತಟ್ಟಿತು. ಲೊರೇನ್ ಕಣ್ಣೊರೆಸಿಕೊಂಡು, ಕಾಗದದಲ್ಲಿ ಒಪ್ಪಂದದ ದೇಶ ಬರೆಯುವ ಜಾಗವನ್ನು ಖಾಲಿ ಬಿಟ್ಟು ತೆಗೆದುಕೊಟ್ಟಳು. ಮಾಮುಕಾ ಸಹಿ ಹಾಕಿದ. ಬಾವಿ ಬಿದ್ದದ್ದು ಆಗಲೇ. ಬ್ಯಾಂಕಿನ ಚೆಕ್ಕನ್ನೂ ಸೇರಿಸಿ ಲಕೋಟೆ ಅಂಟಿಸಿ, ಗ್ರಂಥಾಲಯದ ಮೆಟ್ಟಿಲ ಕೆಳಗಿನ ನೀಲಿ ಅಂಚೆಪೆಟ್ಟಿಗೆಗೆ ಹಾಕಿದ. ಲೊರೇನ್ ಮೊಮ್ಮಗನ ಬೇಸ್‌ಬಾಲ್ ಆಟವಿದೆ ಎಂದು ಮೇಜು ಮಡಚಿಕೊಂಡು ಹೊರಟಳು. ಹ್ರಾಂತ್ ತನ್ನ ಅಂಗಿಗಳ ಕಡೆಗೆ ಹೊರಟುಹೋದ, ಬಲಪಕ್ಷದವನು.

ಮೆಟ್ಟಿಲ ಮೇಲೆ ಕೂತು ಮಾಮುಕಾ ತಾತನಿಗೆ ಫೋನು ಹಚ್ಚಿದ. ಬರಲಾಗುವುದಿಲ್ಲ ಎಂದು ಹೇಳಬೇಕಿತ್ತು. ಆದರೆ ಕಾರಣ ಕೇಳಿದರೆ ಮುದುಕನ ಎದೆ ಅರಳುತ್ತದೆ ಎಂಬ ಒಂದೇ ಸಮಾಧಾನ. ಎಲ್ಲವನ್ನೂ ಒಪ್ಪಿಸಿದ. ಆ ಕಡೆ ಮೂಗು ಒರೆಸಿಕೊಂಡ ಸದ್ದು. ಅಳುತ್ತಿದ್ದಾನೆ ಎಂದುಕೊಂಡ.

“ಲೋ,” ಅಂತು ಕುತಾಯಿಸಿ. “ಕೊಡ್ತೀವಿ ಅಂದ್ರಾ ಅವರು?”

“ಹೂಂ ತಾತ. ನಾನು ಬೇಡ ಅಂದೆ.”

“ನನ್ನ ಗುಡಾಣ ಹೊತ್ಕೊಂಡು ಹೋದ ಕಳ್ಳರು, ಸತ್ತ ಮೇಲಾದ್ರೂ ಬುದ್ಧಿ ಬಂದು ನಮ್ಮನೆಗೆ ಒಂದು ಚೂರು ವಾಪಸ್ ಕೊಡೋಕೆ ಬಂದ್ರೆ, ನೀನು ಬಾಗಿಲಲ್ಲಿ ನಿಂತು ಬೇಡ ಅಂದ್ಯಾ?”

“ತಾತ, ನೀನು ದಿನಾ ಅವರನ್ನ ಬೈತಿದ್ದೆಯಲ್ಲ…”

“ಯಾಕೆ ಬೈತಿದ್ದೆ ಅಂದ್ಕೊಂಡಿದ್ದೀಯ? ವಾಪಸ್ ಕೊಡ್ಲಿ ಅಂತ ತಾನೇ? ಅರವತ್ತು ವರ್ಷ ಬೈದು ಬೈದು ಕಡೆಗೆ ಅವರ ಮನಸ್ಸು ಕರಗಿಸಿದೆ ಕಣೋ. ನೀನು ಒಂದು ಬೆಳಿಗ್ಗೇಲಿ ಹಾಳು ಮಾಡಿದೆ. ಹೋಗು, ಆ ಕಾಗದ ಈಚೆ ತೆಗಿ. ಕುರ್ಚಿ ಖಾಲಿ ಇಟ್ಟಿರ್ತೀನಿ.”

ಮಾಮುಕಾ ಪೆಟ್ಟಿಗೆಯ ಬಾಯಿಗೆ ಕೈ ಹಾಕಿದ. ಮೊಣಕೈಯವರೆಗೂ ಹೋಯಿತು, ಆಮೇಲೆ ಆ ಕಡೆಗೂ ಇಲ್ಲ ಈ ಕಡೆಗೂ ಇಲ್ಲ. ಹೋಗುವವರೆಲ್ಲ ನಿಂತು ಬುದ್ಧಿ ಹೇಳಿದರು. ಜುಸಾರಾ ಸಾಬೂನು ತರಲು ಓಡಿದಳು. ಕೈ ಈಚೆ ಬಂದದ್ದು ಅಂಚೆಯಾಕೆ ಬೀಗದಕೈ ಗೊಂಚಲು ಹಿಡಿದು ಬಂದು ಪೆಟ್ಟಿಗೆ ತೆರೆದಾಗ. ಒಳಗೆ ಎಲ್ಲಕ್ಕಿಂತ ಮೇಲೆಯೇ ಇತ್ತು ಲಕೋಟೆ, ಅವನ ಕಡೆಗೇ ಮುಖ ಮಾಡಿಕೊಂಡು. ಮಾಮುಕಾ ಗುಡಾಣದ ಕತೆ ಹೇಳಿದ. ಅಂಚೆಯಾಕೆ ಬಿಕ್ಕಿ ಬಿಕ್ಕಿ ಅತ್ತಳು, ಲಕೋಟೆಯನ್ನು ತಟ್ಟೆಯಲ್ಲಿಟ್ಟು ಕೊಟ್ಟಳು. ಅವನು ಹೊಸ ಕಾಗದಕ್ಕೆ ಸಹಿ ಹಾಕಿದ. ಅಕ್ಟೋಬರಿನಲ್ಲಿ ವಿಮಾನ ಹತ್ತಿದ. ಕುತಾಯಿಸಿಯಲ್ಲಿ ಮೂರು ಹಗಲು ನಿಲ್ಲಿಸದೆ ಹಾರೈಸಿದ. ಅದನ್ನು ಕೇಳಿ ಮೋಡಗಳು ಇಳಿದುಬಂದು ಮೇಜಿಗೆ ಕೂತವು. ಮಾವ ಓಡಿಬಂದು ತಬ್ಬಿಕೊಂಡ—

ಏನಂದಿರಿ? ಪೆಟ್ಟಿಗೆಗೆ ಬಿದ್ದ ಕಾಗದವನ್ನು ಅಮೆರಿಕದ ಅಂಚೆಯವರು ಹಿಂದಕ್ಕೆ ಕೊಡುವುದುಂಟೇ ಎಂದಿರಾ?

ಸರಿ. ಕೊಡುವುದಿಲ್ಲ. ಒಳಗೆ ಬಿದ್ದದ್ದು ಸರ್ಕಾರದ್ದು ಅಂದಳು ಆಕೆ, ಚೀಲಕ್ಕೆ ಸುರಿದುಕೊಂಡು ಗಾಡಿ ಹತ್ತಿದಳು. ಅತ್ತದ್ದು ಮಾಮುಕಾ. ತಿದ್ದಿದ ಕಾಗದ ಮತ್ತೆ ಕಳಿಸಬಹುದು, ಆದರೆ ಮೊದಲನೆಯದರ ಕೆಲಸ ಮುಗಿದ ಮೇಲೆ ಎಂದು ಲೊರೇನ್ ಮರುದಿನ ಫೋನಿನಲ್ಲಿ ಹೇಳಿದಳು. ಅದು ಮುಗಿಯುವಷ್ಟರಲ್ಲಿ ದ್ರಾಕ್ಷಿ ಕೊಯ್ಲು ಮುಗಿದಿತ್ತು.

ಅಕ್ಟೋಬರಿನಲ್ಲಿ, ತಾತನ ಹುಟ್ಟುಹಬ್ಬದ ಭಾನುವಾರ ಬೆಳಿಗ್ಗೆ ಅವನು ಪ್ರಯೋಗಾಲಯದಲ್ಲಿ, ಎರೆಹುಳುಗಳ ಡಬ್ಬಿಗಳ ನಡುವೆ, ಕಾಫಿಯ ಲೋಟ ಎತ್ತಿಕೊಂಡು ನಿಂತಿದ್ದ. ಕುತಾಯಿಸಿಯಲ್ಲಿ ಸಂಜೆ. ಸೋದರಮಾವನ ಫೋನನ್ನು ತಮಾದಾನ ಕುರ್ಚಿಯ ಮೇಲೆ ರೊಟ್ಟಿಗೆ ಒರಗಿಸಿ ನಿಲ್ಲಿಸಿದ್ದರು. “ತಾತ, ನಿನಗೆ…” ಎಂದು ಬಾಯಿ ತೆರೆದ, ಅಷ್ಟಕ್ಕೆ ವಿಡಿಯೋ ಕರೆಯ ಚಿತ್ರ ಅಲ್ಲಾಡದೆ ನಿಂತುಹೋಯಿತು. ಹಾರೈಕೆ ಮುಗಿಯದೆ ಕುಡಿಯುವಂತಿಲ್ಲ. ಐವತ್ತು ಜನ ಲೋಟ ಎತ್ತಿ ಹಿಡಿದು ಕಾದರು. ಮುದುಕ ನಿಧಾನವಾಗಿ ಎದ್ದು ಬಂದ. ತೆರೆದೇ ಇದ್ದ ಮೊಮ್ಮಗನ ಬಾಯನ್ನು ನೋಡಿದ.

“ಗಂಟಲು ಒಣಗಿದೆ ಮಗೂಗೆ,” ಅಂದ. ತನ್ನ ಲೋಟದ ವೈನನ್ನು ಒಂದು ತೊಟ್ಟೂ ಉಳಿಸದೆ ಆ ಬಾಯಿಗೆ ಸುರಿದ.

ಫೋನು ಆರಿತು. ನಡೆದದ್ದು ಇಷ್ಟೇ. ಮಾವ ಈಗಲೂ ಮಾತಾಡುವುದಿಲ್ಲ.